ಎಲ್ಲಾ ಎಡಗೈ ತೋಳು

ಹನ್ನೆರಡೂ ಎಡಗೈ ತೋಳು, ಅತ್ತಿಗೆ! ಹನ್ನೆರಡಕ್ಕೆ ಹನ್ನೆರಡೂ! ಮಾತಿಗಾದ್ರೂ ಒಂದು ಬಲಗೈ ಇರಬಾರ್ದಾ... ಯಾಕೆ ನಗ್ತಿದೀಯ? ನಗೋ ವಿಷಯಾನಾ ಇದು? ಸರಿ, ನಗು. ನಿನ್ನೆ ಇಡೀ ಕ್ಲಾಸೇ ನಕ್ಕಿದೆ, ನಿಂದೊಂದು ಬಾಕಿ ಇತ್ತು. ಆ ಲಂಬೂ ಇದಾನಲ್ಲ, ಗುಂಡಿ ಮಷೀನಿನೋನು, ನಮ್ಮ ಜಾಕೆಟ್ ಒಂದನ್ನ ಎತ್ಕೊಂಡು ಹಾಕ್ಕೊಂಡ. ಎಡಗೈ ಸಲೀಸಾಗಿ ಹೋಯ್ತು. ಬಲಗೈ ತೂರಿಸಿದ ನೋಡು, ಮೊಣಕೈ ಹಿಂದಕ್ಕೆ ತಿರುಗ್ತು! ಪೊಲೀಸರು ಕೈ ತಿರುಚಿ ಕರ್ಕೊಂಡು ಹೋಗೋ ಕಳ್ಳನ ಹಾಗೆ ಟೇಬಲ್ ಸುತ್ತ ಓಡಾಡಿದ. ಎಲ್ಲಾ ಹೊಟ್ಟೆ ಹಿಡ್ಕೊಂಡು ನಗೋರೇ. ನಾನೂ ನಕ್ಕೆ. ಆಮೇಲೆ ದಾರ ಇಡೋ ರೂಮಿಗೆ ಹೋಗಿ, ಬಾಗಿಲು ಹಾಕ್ಕೊಂಡು, ಗೋಳೋ ಅಂತ ಅತ್ತುಬಿಟ್ಟೆ.

ಆ ಪಾತ್ರೆ ಬಿಡೇ, ಕೈ ಒರೆಸ್ಕೊಂಡು ಈ ಕಡೆ ಬಾ. ಅಮ್ಮ ಇಲ್ಲ ತಾನೇ? ತರಕಾರಿಗೆ ಹೋದ್ಲಾ? ಸದ್ಯ! ಅವಳಿದ್ರೆ ನಿನ್ನ ‘ನೀವು’ ‘ಬನ್ನಿ’ ‘ಹೋಗಿ’ ಅಂತ ಕರೀಬೇಕು. ಅಣ್ಣನ ಹೆಂಡ್ತಿನ ‘ನೀನು’ ಅಂದಿದ್ದು ಕೇಳಿಸಿದ್ರೆ ನನ್ನ ನಾಲಿಗೆ ಕಿತ್ತು ಕೈಗೆ ಕೊಡ್ತಾಳೆ. ಅವಳಿಗೇನು ಗೊತ್ತು, ಹೊಲಿಗೆ ಕಾಲೇಜಲ್ಲಿ ನಾವಿಬ್ರು ಏನು ಅಂತ. ಜೋಡೆತ್ತು ಅಂತಾರೆ ನಮ್ಮನ್ನ! ಜೋಡೆತ್ತು ಬಂತು, ದಾರಿ ಬಿಡಿ ಅಂತಾರೆ.

ಇದಾ? ಇದು ರೋಲು. ಕಾಣಿಸ್ತಿಲ್ವಾ? ಮಖಮಲ್ಲು, ಉಳಿದದ್ದೆಲ್ಲಾ ತಂದೆ; ಜಾಕೆಟ್ ಆರೂ ಈ ಚೀಲದಲ್ಲಿವೆ. ಬೆಳಗ್ಗೆನೇ ಕಾಲೇಜಿಗೆ ಓಡಿ, ಕಾವಲುಗಾರನ ಕೈಕಾಲು ಹಿಡಿದು, ಬಾಗಿಲು ತೆಗೆಸಿ, ಗಾಡಿ ಮಾಡ್ಕೊಂಡು... ಮೆಟ್ಟಿಲು ಹತ್ತಿಸೋ ಹೊತ್ತಿಗೆ ಪ್ರಾಣ ಹೋಯ್ತು. ಉದ್ದ ನೋಡು, ನಿನ್ನಷ್ಟೇ ಇದೆ. ತಿರುವಿನಲ್ಲಿ ಸಿಕ್ಕಾಕ್ಕೊಂಡು, ಕೆಳಗಿನ ಮನೆಯವರು ಹೆಣ ಸಾಗಿಸ್ತಿದಾಳೇನೋ ಅನ್ನೋ ಹಾಗೆ ನೋಡಿದ್ರು.

ಕೂತ್ಕೋ. ಪ್ಲೀಸ್. ನಾಲ್ಕು ಗಂಟೆಗೆ ಕೆಲಸಕ್ಕೆ ಆರಿಸೋಕೆ ಫ್ಯಾಕ್ಟರಿ ಮ್ಯಾನೇಜರ್ ಕಾಲೇಜಿಗೆ ಬರ್ತಾರೆ. ಆರು ಜಾಕೆಟ್ಟು ಸಾಲಾಗಿ ನೇತಾಕಿರಬೇಕು, ಎರಡೆರಡು ತೋಳಿನ ಜೊತೆ! ನೀನು ಕಾಲೇಜಿಗೆ ಬರೋದೇನೂ ಬೇಡ. ಇಲ್ಲೇ, ಈ ಹಾಲಲ್ಲೇ ಬಟ್ಟೆ ಹಾಸೋಣ, ತೋಳು ಕತ್ತರಿಸೋಣ, ನೀನು ನಿನ್ನ ಮಷೀನಲ್ಲಿ ಕೂರಿಸಿ ಕೊಟ್ಬಿಡು. ನಾನು ತಗೊಂಡು ಓಡ್ತೀನಿ. ನಿನ್ನ ಹಾಗೆ ತೋಳು ಕೂರಿಸೋರು ನಮ್ಮ ಬ್ಯಾಚಲ್ಲಿ ಇನ್ನೊಬ್ರಿಲ್ಲ, ಮೇಡಂ ಬಾಯಲ್ಲೇ ಕೇಳಿದೀವಿ. ನಾನು ಕೂರಿಸಿದ್ರೆ ಭುಜದಲ್ಲಿ ಬದನೇಕಾಯಿ ಇಟ್ಟ ಹಾಗೆ ಉಬ್ಕೊಳ್ಳತ್ತೆ.

ಅಳತೆ ಟೇಪು ಎಲ್ಲಿ ನಿಂದು? ಕುತ್ತಿಗೆಲೇ ಇರ್ತಿತ್ತಲ್ಲ, ಮಲಗುವಾಗಲೂ ತೆಗೀತಿರಲಿಲ್ಲ. ಅಣ್ಣ ರೇಗಿಸ್ತಿದ್ದ, ತಾಳಿ ಮರೆತ್ರೂ ಇದನ್ನ ಮರೆಯಲ್ಲ ಇವಳು ಅಂತ... ಎಲ್ಲಿ? ಯಾವ ಮೂಲೆ? ಹಳೇ ಪೇಪರ್ ಕಟ್ಟಿನ ಮೇಲಾ?

ಅಯ್ಯೋ. ಅಮ್ಮ ಕಟ್ಟಿದ್ಲಾ? ನಿನ್ನ ಟೇಪಲ್ಲಿ ಪೇಪರ್ ಕಟ್ಟಿಟ್ಲಾ? ನೀನು ಸುಮ್ನೆ ನೋಡ್ತಾ ನಿಂತಿದ್ಯಾ? ಒಂದು ಮಾತು ಅನ್ನೋದಲ್ವಾ! ಗಂಟು ಬೇರೆ ಎಂಥಾ ಗಂಟು... ತಡಿ, ಬಿಚ್ತೀನಿ. ಹಲ್ಲಲ್ಲಿ ಕಚ್ಚಬೇಕು ಇದನ್ನ.

ರಾತ್ರಿ ಊಟದಲ್ಲಿ ನಾನು ಬಾಯಿ ಬಿಡಬಾರ್ದಿತ್ತು, ಗೊತ್ತು. ಅಣ್ಣ ಇದ್ದ, ಅಮ್ಮ ಇದ್ಲು. ‘ಅತ್ತಿಗೆ ನಾಳೆಯಿಂದ ಕಾಲೇಜಿಗೆ ಬರೋದು ಬೇಡವಂತೆ, ಮೇಡಂ ಹೇಳಿದ್ರು’ ಅಂತ ಅಷ್ಟೇ ಅಂದದ್ದು ನಾನು. ಇವರು ಅಷ್ಟು ಖುಷಿ ಪಡ್ತಾರೆ ಅಂತ ಕನಸಲ್ಲೂ ಅನ್ಕೊಂಡಿರಲಿಲ್ಲ! ಅಣ್ಣ ತಟ್ಟೆಯಿಂದ ತಲೆನೂ ಎತ್ತದೆ, ‘ಒಳ್ಳೇದೇ ಆಯ್ತು ಬಿಡು, ಇನ್ನಾದ್ರೂ ಮನೆ ಮನೆ ಥರ ಇರತ್ತೆ’ ಅಂತಾನೆ. ಅಮ್ಮ ನಿನಗೆ ಇನ್ನೊಂದು ಸೌಟು ಬಡಿಸ್ತಾಳೆ! ಎರಡು ವರ್ಷದಲ್ಲಿ ಒಂದು ದಿನ ಬಡಿಸಿದಾಳಾ ನಿನಗೆ? ನಿನ್ನ ಮುಖ ನೋಡೋಕೆ ಆಗದೆ ನಾನು ನೀರು ಕುಡಿಯೋ ನೆಪದಲ್ಲಿ ಎದ್ದೆ.

ಹೌದೇ, ಮೇಡಂಗೆ ತಲೆ ಕೆಟ್ಟಿತ್ತು. ಮ್ಯಾನೇಜರ್ ಬರೋ ಹಿಂದಿನ ದಿನ ಹೀಗಾದ್ರೆ ಯಾರಿಗೆ ಕೆಡಲ್ಲ? ಸಿಟ್ಟಲ್ಲಿ ಏನೋ ಅಂದ್ರು. ಇವತ್ತು ಜಾಕೆಟ್ ಸರಿಹೋಗ್ಲಿ, ಮ್ಯಾನೇಜರ್ ಮೆಚ್ಚಲಿ, ಎಲ್ಲಾ ತಣ್ಣಗಾಗತ್ತೆ. ನಿನ್ನನ್ನೂ ಕರೀತಾರೆ. ಕರೀತಾರೆ ನೋಡ್ತಿರು, ನಾನಿಲ್ವಾ! ನಮ್ಮ ಬ್ಯಾಚಿಂದ ಇಬ್ಬರನ್ನ ಟ್ರೇನಿಂಗಿಗೆ ತಗೊಳ್ಳೋದು, ಇಬ್ಬರೂ ನಾವೇ ಅಂತ ಮೇಡಂ ಹೇಳಿರ್ಲಿಲ್ವಾ? ಜೋಡೆತ್ತನ್ನ ಬಿಡಿಸೋಕಾಗತ್ತಾ?

ಯಾಕೆ ಹಾಗೆ ನೋಡ್ತೀಯ.

ನಿನ್ನ ಕಷ್ಟ ನಿನಗೆ, ಒಪ್ಪಿದೆ. ನನ್ನದೂ ಸ್ವಲ್ಪ ನೋಡು. ಇವತ್ತು ನನಗೆ ಆ ಕೆಲಸ ಸಿಗಲಿಲ್ಲ ಅಂದ್ರೆ ಅಮ್ಮ ಆ ಹಾರ್ಡ್‌ವೇರ್ ಅಂಗಡಿಯವನಿಗೆ ಮಾತು ಕೊಟ್ಟೇ ಬಿಡ್ತಾಳೆ. ನೋಡೋಕೆ ಬಂದ ದಿನ ಅವನೇನಂದ? ‘ಹೊಲಿಗೆ ಗೊತ್ತಿದ್ರೆ ಒಳ್ಳೇದೇ, ಮನೆ ಪರದೆ ಹೊಲೀಬಹುದು.’ ಪರದೆ! ನೀನೇ ಒಳಗೆ ಬಂದು ಕಿವಿಲಿ ಹೇಳಿದ್ದೆ, ಇವನನ್ನ ಮದುವೆ ಆದ್ರೆ ನಿನ್ನ ಕಾಲು ಮುರೀತೀನಿ ಅಂತ. ಮರೆತ್ಯಾ? ಕೈಲಿ ಕೆಲಸ ಇದ್ರೆ ಅಣ್ಣ ನನ್ನ ಪರ ನಿಲ್ತಾನೆ, ಇಲ್ಲದಿದ್ರೆ ಇಲ್ಲ. ಅದಕ್ಕೇ ಕೇಳ್ತಿದೀನಿ... ಅಯ್ಯೋ, ಇರು, ಫೋನು.

ಮೇಡಂ. ಎತ್ತಲ್ಲ. ಈಗ ಎತ್ತಿದ್ರೆ ಎಲ್ಲಿದೀಯ ಅಂತಾರೆ. ಬಡ್ಕೊಳ್ಲಿ.

ನೋಡು, ಮ್ಯಾನೇಜರ್ ಏನೇನು ಕೇಳಬಹುದು ಅಂತ ಎಲ್ಲಾ ಓದಿದೀನಿ. ನೀನೇ ಮ್ಯಾನೇಜರ್ ಅನ್ಕೋ, ಕೇಳು. ‘ಬಟ್ಟೆನ ಮುಖಕ್ಕೆ ಮುಖ ಯಾಕಮ್ಮಾ ಹಾಸ್ತೀರಿ?’ ಯಾಕಂದ್ರೆ ಸರ್, ಬಟ್ಟೆ ಪದರದ ಮೇಲೆ ನಾವಿಡೋ ಮಾರ್ಕರ್ ಕಾಗದದಲ್ಲಿ ಒಂದೇ ಕೈಯಿನ ತೋಳು ಬರೆದಿರತ್ತೆ. ಪದರಗಳು ಮುಖಕ್ಕೆ ಮುಖ, ಅಂದ್ರೆ ಒಳ್ಳೆ ಮಗ್ಗುಲಿಗೆ ಒಳ್ಳೆ ಮಗ್ಗುಲು ತಾಗೋ ಹಾಗೆ ಕೂತಿದ್ರೆ, ಒಂದೇ ಏಟಿಗೆ ಒಂದು ಪದರದಲ್ಲಿ ಎಡಗೈ, ಅದರ ಜೊತೆಗಾರ ಪದರದಲ್ಲಿ ಬಲಗೈ, ಜೋಡಿ ಜೋಡಿನೇ ಬರತ್ತೆ. ‘ಮಖಮಲ್ಲಿಗೆ?’ ಮಖಮಲ್ಲಿಗೆ ಇನ್ನೊಂದು ಎಚ್ಚರಿಕೆ ಬೇಕು ಸರ್. ಅದರ ರೋಮ ಎಲ್ಲಾ ಪದರದಲ್ಲೂ ಒಂದೇ ದಿಕ್ಕಿಗೆ ಮಲಗಬೇಕು. ಇಲ್ಲದಿದ್ರೆ ಒಂದು ತೋಳು ಕಪ್ಪಗೆ, ಇನ್ನೊಂದು ಬಿಳಿಚಿದ ಹಾಗೆ ಕಾಣತ್ತೆ. ಅದಕ್ಕೇ ಒಂದೊಂದು ಪದರ ಹಾಸಿದಾಗಲೂ ಬಟ್ಟೆ ಕತ್ತರಿಸಿ, ಇಡೀ ರೋಲನ್ನ ಹಿಂದುಮುಂದು ತಿರುಗಿಸಿ... ನೋಡಿದ್ಯಾ, ಎಷ್ಟು ಚೆನ್ನಾಗಿ ಬರತ್ತೆ! ಬಾಯಿಪಾಠ!

...

ಗೊತ್ತಿತ್ತು. ಹೂಂ, ಗೊತ್ತಿತ್ತು ನನಗೆ. ಗೊತ್ತಿದ್ದೂ ಯಾಕೆ ಹಾಗೆ ಹಾಸಿದೆ ಅಂತ ತಾನೇ? ನಗು ನಿಂತೋಯ್ತು ನಿಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಬೈಯೋದಾದ್ರೆ ಬೈದುಬಿಡು. ರೋಲು ತಿರುಗಿಸೋಕೆ ನಾನೊಬ್ಳೇ ಇದ್ದೆ ಅತ್ತಿಗೆ! ಒಂದು ತುದಿ ಎತ್ತಿದ್ರೆ ಇನ್ನೊಂದು ನೆಲಕ್ಕೆ ಕುಸೀತಿತ್ತು. ಆ ಕಡೆ ಟೇಬಲ್ ಖಾಲಿ ಮಾಡಿ ಅಂತ ಮುಂದಿನ ಗುಂಪು ಬಂದು ನೆತ್ತಿ ಮೇಲೆ ನಿಂತಿತ್ತು. ಏನಾಗತ್ತೆ ಬಿಡು ಅಂತ ಎಲ್ಲಾ ಪದರಾನೂ ಮುಖ ಮೇಲೆ ಮಾಡೇ ಹಾಸಿಬಿಟ್ಟೆ. ತಿರುಗಿಸೋ ತಾಪತ್ರಯವೇ ಇಲ್ಲ! ತಲೆಗೆ ಹೊಳೀಲೇ ಇಲ್ಲ ನೋಡು, ಎಲ್ಲಾ ಎಡಗೈನೇ ಬರತ್ತೆ ಅಂತ. ಹಾಸುವಾಗ ಎಷ್ಟು ನುಣ್ಣಗೆ ಕೂತಿತ್ತು ಗೊತ್ತಾ? ನೀನು ನೋಡಿದ್ರೆ ಶಹಬಾಸ್ ಅಂತೀಯ ಅನ್ಕೊಂಡೆ. ನಿಜ, ಹಂಗೇ ಅನ್ಕೊಂಡೆ.

ನೀನು ಯಾಕೆ ಹೋದೆ ಆ ಹೊತ್ತಲ್ಲಿ? ಅಮ್ಮನ ಕಣ್ಣು ತೋರಿಸೋಕೆ ಅದೇ ಮಧ್ಯಾಹ್ನ ಆಗಬೇಕಿತ್ತಾ?

ಸರಿ. ಸರಿ... ಮಗಳು ನಾನು, ಹೋಗಿದ್ದು ನೀನು. ಫೋನ್ ಬಂದದ್ದೂ ನನಗೇ. ‘ಅತ್ತಿಗೇನ ಕಳಿಸ್ತೀನಿ’ ಅಂದೋಳೂ ನಾನೇ. ನೀನು ಹೋಗ್ತಾ ಬಾಗಿಲಲ್ಲಿ ನಿಂತು ಏನೋ ಅಂದೆ. ಹೂಂ ಹೂಂ, ಕೇಳಿಸ್ತು. ಕೇಳಿಸ್ತು! ‘ಒಬ್ಳೇ ಹಾಸೋಕೆ ಹೋಗ್ಬೇಡ, ನಾನು ಬರೋತನಕ ಮುಟ್ಬೇಡ.’ ಕೇಳಿಸಲಿಲ್ಲ ಅಂತ ಈಗ ನಿನ್ನ ಹತ್ರ ಸುಳ್ಳು ಹೇಳ್ತೀನಾ?

ಏನು ಮಾಡ್ತಿದೀಯ? ಓ, ಹಾಸ್ತೀಯಾ? ಹಾಸ್ತೀಯಾ ಅತ್ತಿಗೆ! ನನ್ನಪ್ಪನಾಣೆ, ನೀನು ಕೈ ಬಿಡಲ್ಲ ಅಂತ ಗೊತ್ತಿತ್ತು ನನಗೆ. ಇರು, ಈ ಕುರ್ಚಿ ಎಳೀತೀನಿ. ಚಾಪೆ ಬೇಡ, ನೆಲ ಒರೆಸಿದ್ಯಲ್ಲ, ಅಲ್ಲೇ ಆಗತ್ತೆ. ಹಳೇ ಎಡಗೈ ಆರು ಇಟ್ಕೊಂಡು ಬಲಗೈ ಆರು ಮಾತ್ರ ಹೊಸದು ಮಾಡಬಹುದಿತ್ತು, ಅಲ್ವಾ? ಆಗಲ್ಲ, ಗೊತ್ತು. ಬಣ್ಣ ಏರುಪೇರಾಗತ್ತೆ. ಜೋಡಿ ಅಂದ್ಮೇಲೆ ಜೋಡೀನೇ ಕತ್ತರಿಸಬೇಕು. ಮೊದಲನೇ ಪದರ ಎಳಿ... ಹಾ, ಸವರು. ನಿನ್ನ ಕೈ ಹೋದ ಕಡೆ ರೋಮ ಹೆಂಗೆ ಮಲಗ್ತು ನೋಡು! ಕತ್ತರಿ ಇಲ್ಲಿದೆ. ಆಯ್ತು. ಈಗ ತಿರುಗಿಸೋದು. ನೀನು ಆ ತುದಿ ಎತ್ಕೊಂಡ್ಯಾ? ನಾನು ಈ ತುದಿ...

ಯಾಕೆ ನಿಂತುಬಿಟ್ಟೆ?

ಎತ್ತಲಾ? ಬೇಡ್ವಾ? ಮತ್ಯಾಕೆ ತುದಿ ಹಿಡ್ಕೊಂಡು ಹಾಗೇ ನಿಂತಿದೀಯ? ಹೊತ್ತಾಗ್ತಿದೆ ಅತ್ತಿಗೆ, ಅಮ್ಮ ಬಂದ್ರೆ ಎಲ್ಲಾ ಮುಗೀತು. ಏನಾದ್ರೂ ಕೇಳಬೇಕಾ? ಕೇಳು. ಕೇಳೇ! ಹೀಗೆ ನನ್ನ ಮುಖಾನೇ ನೋಡ್ತಾ ನಿಂತ್ರೆ ನಾನೇನು ಅಂತ ತಿಳ್ಕೊಳ್ಲಿ?

...ತಪ್ಪು ನಂದು, ಬರಬೇಡ ಅಂದದ್ದು ನಿನ್ನ. ಯಾಕೆ ಅಂತ. ಅದೇ ತಾನೇ?

ನಾನು ಸುಳ್ಳು ಹೇಳಲಿಲ್ಲ. ಯಾರ ಆಣೆ ಬೇಕಾದ್ರೂ ಹಾಕಿಸ್ಕೋ, ಒಂದು ಸುಳ್ಳೂ ಹೇಳಲಿಲ್ಲ. ಮೇಡಂ ಬಂದ್ರು. ತೋಳುಗಳನ್ನ ಎತ್ತಿ ಎತ್ತಿ ನೋಡಿದ್ರು, ಮುಖ ಕೆಂಪಾಯ್ತು. ಮಾರ್ಕರ್ ಕಾಗದ ಎತ್ಕೊಂಡ್ರು. ‘ಇದನ್ನ ಬರೆದದ್ದು ಯಾರು, ನಿಮ್ಮತ್ತಿಗೇನಾ?’ ಅಂದ್ರು. ಹೂಂ ಅಂದೆ. ನೀನೇ ತಾನೇ ಬರೆದದ್ದು? ನಿಜ ತಾನೇ ಅದು? ‘ಬರೀ ಎಡಗೈ ಬರೆದು ಇಟ್ಟಿದಾಳಲ್ಲ, ಇಷ್ಟೂ ಜ್ಞಾನ ಬೇಡ್ವಾ’ ಅಂದ್ರು. ಹಾಸಿದ್ದು ಹೇಗೆ ಅಂತ ಅವರು ಕೇಳಲಿಲ್ಲ ಅತ್ತಿಗೆ. ಕೇಳಿದ್ರೆ ಹೇಳ್ತಿದ್ದೆ. ಕೇಳಲೇ ಇಲ್ಲ.

ಒಂದು ಹೂಂ. ಅಷ್ಟೇ ನಾನು ಅಂದದ್ದು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ... ಅದು ಯಾರ ತಲೆಗೆ ಬೀಳತ್ತೆ ಅಂತ ನಾನು ನೋಡಲಿಲ್ಲ. ಇಲ್ಲ, ನೋಡಿದೆ. ನೋಡಿದೆ ಅತ್ತಿಗೆ. ನಿನಗೆ ಗಂಡ ಇದಾನೆ, ಮನೆ ಇದೆ, ಕೆಲಸ ಸಿಗದಿದ್ರೂ ನಿನಗೇನೂ ಆಗಲ್ಲ ಅನ್ಕೊಂಡೆ. ನನ್ನ ಕಾವಲಿಗೆ ಅಂತ ಕಾಲೇಜಿಗೆ ಬಂದೋಳು ನೀನು, ಬರಬರ್ತಾ ಕ್ಲಾಸಿಗೇ ಮೊದಲಾದೆ. ಅದೂ ಇತ್ತು ಹೊಟ್ಟೇಲಿ. ಒಂದ್ಚೂರು. ಯಾಕೆ ಸುಳ್ಳು ಹೇಳ್ಲಿ.

ಹಾಗೆ ಮನೆ ಸುತ್ತ ನೋಡ್ಬೇಡ. ಪೇಪರ್ ಕಟ್ಟಿನ ಕಡೆ ನೋಡ್ಬೇಡ ಅಂದೆ! ಟೇಪು ಬಿಚ್ಚಿದ್ನಲ್ಲ, ಹಾಕ್ಕೋ ಕುತ್ತಿಗೆಗೆ. ಹೇಳ್ತೀನಿ. ಮೇಡಂಗೆ ಎಲ್ಲಾ ಹೇಳಿಬಿಡ್ತೀನಿ, ನಿನ್ನ ಕಣ್ಣೆದುರೇ ಹೇಳ್ತೀನಿ. ಮಾರ್ಕರ್ ಸರಿಯಾಗಿತ್ತು, ಹಾಸಿದ್ದು ನಾನು, ಅತ್ತಿಗೆ ಬೇಡ ಅಂದ್ರೂ ಹಾಸಿದ್ದು ನಾನು. ಮೂರೇ ಮಾತು. ಸಾಕಾ? ನಂಬಿಕೆ ಬರ್ತಿಲ್ವಾ?

ಮತ್ತೆ ಫೋನು. ಅವರೇ. ನೋಡು, ಎತ್ತುತೀನಿ. ತುದಿ ಬಿಡ್ಬೇಡ, ಹಾಗೇ ಹಿಡ್ಕೊಂಡಿರು, ಒಂದೇ ನಿಮಿಷ.

ಹಲೋ... ನಮಸ್ಕಾರ ಮೇಡಂ. ಹಾ, ಮನೇಲೇ ಇದೀನಿ. ಇಲ್ಲ ಮೇಡಂ, ಆಗತ್ತೆ, ನಾಲ್ಕು ಗಂಟೆ ಒಳಗೆ ಖಂಡಿತ ತರ್ತೀನಿ... ಮೇಡಂ, ನಿಮಗೊಂದು ವಿಷಯ... ಹಾ, ಹೇಳಿ, ನೀವೇ ಹೇಳಿ... ಮ್ಯಾನೇಜರ್‌ಗೆ ನನ್ನ ಹೆಸರು ಹೇಳಿದ್ರಾ? ಈಗಾಗ್ಲೇನಾ? ಅಯ್ಯೋ, ತುಂಬಾ... ಇಲ್ಲ, ಅಳ್ತಿಲ್ಲ, ನೆಗಡಿ... ಹಾ ಮೇಡಂ... ಅತ್ತಿಗೇನಾ? ಇದಾರೆ, ಮನೇಲೇ ಇದಾರೆ... ಇನ್ನೊಂದು ಸಲ ಯೋಚನೆ ಮಾಡಿದ್ರಾ... ಮಾರ್ಕರ್... ಅವರದೇ ತಪ್ಪಾ ಅಂತಾನಾ...

...ಹೂಂ.

ಹೂಂ ಮೇಡಂ. ಇಡ್ತೀನಿ.

ಅತ್ತಿಗೆ?

ಯಾಕೆ ಕೆಳಗಿಟ್ಟೆ? ಅತ್ತಿಗೆ, ಎಲ್ಲಿಗೆ... ಆ ಪಾತ್ರೆ ಆಮೇಲೆ ತೊಳೆದ್ರಾಗಲ್ವಾ? ನಲ್ಲಿ ನಿಲ್ಸು. ನಿಲ್ಸೇ, ನಾನು ಮಾತಾಡ್ತಿರೋದು ಕೇಳಿಸಲ್ಲ. ಇವತ್ತೊಂದಿನ ಕಳೀಲಿ, ಆಮೇಲೆ ಹೇಳ್ತೀನಿ, ಖಂಡಿತ ಹೇಳ್ತೀನಿ... ಇಲ್ನೋಡು, ಎತ್ತುತಿದೀನಿ ನನ್ನ ತುದಿ. ಎತ್ತಿದೀನಿ. ಆ ಕಡೆ ಕುಸೀತಿದೆ, ಬಾ. ಬಂದು ಹಿಡ್ಕೋ ಅತ್ತಿಗೆ. ಇದು ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ.