ಆನ್ಸೆಲ್ಮನ ಅರವತ್ತೊಂದನೇ ಕ್ಯಾಮೆರಾ

ತೀರಿಹೋದ ಆನ್ಸೆಲ್ಮನನ್ನು ನೆನೆಯಲು ಸೇರಿರುವ ಎಲ್ಲ ಗೆಳೆಯರಿಗೆ, ಮೊದಲ ಸಾಲಿನಲ್ಲಿ ಕುಳಿತಿರುವ ಅವನ ಮಗಳು ಸೊಲಾಂಜಳಿಗೆ — ನಮಸ್ಕಾರ. ಅದೇ ಸಾಲಿನ ತುದಿಯಲ್ಲಿ ದೊಡ್ಡ ಹೂಚಕ್ರ ಹಿಡಿದು ಕುಳಿತಿರುವ ಹರಾಜು ಪರಿಣತ ರಾವೆನೆಲ್ ಅವರಿಗೂ ನಮಸ್ಕಾರ. ನೀವು ಬಂದದ್ದು ಒಳ್ಳೆಯದೇ ಆಯಿತು. ಈ ಮಾತನ್ನು ನಿಮ್ಮ ಬೆನ್ನ ಹಿಂದೆ ಆಡುವ ಮನಸ್ಸಿರಲಿಲ್ಲ.

ನಾನು ಲ್ಯುಸಿಯೆನ್. ಆನ್ಸೆಲ್ಮ್ ತಿಬೊದೊ ಜೊತೆ ಇಪ್ಪತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡಿದವನು. ನಾನು ಹಿತ್ತಾಳೆಗೆ ಪಾಲಿಶ್ ಹಚ್ಚಲು ಹೋದರೆ ಅವನು ನನ್ನ ಕೈ ಮೇಲೆ ಹೀಗೆ ಹೊಡೆಯುತ್ತಿದ್ದ. "ನೂರೆಪ್ಪತ್ತು ವರ್ಷದ ಬಣ್ಣ ಅದು. ನಿಮ್ಮಪ್ಪ ಬಂದ್ರೂ ತಿರುಗಿ ತರಕ್ಕಾಗಲ್ಲ ಕಣೋ!" ನಗಿ, ನಗಿ — ನೀವು ನಕ್ಕರೆ ಅವನಿಗೂ ಇಷ್ಟ.

ಆರು ವರ್ಷದ ಹಿಂದೆ ಅವನೊಂದು ಮರದ ಕ್ಯಾಮೆರಾವನ್ನು ಹರಾಜಿಗೆ ತಂದ. ಅದನ್ನು ಮಾಡಿದ ಪ್ಯಾರಿಸ್ಸಿನ ಬಡಗಿ, ಆ ಕಾಲದ ಪದ್ಧತಿಯಂತೆ, ಒಂದು ಕ್ಯಾಮೆರಾದ ಪ್ರತಿ ಭಾಗಕ್ಕೂ ಒಂದೇ ಸಂಖ್ಯೆ ಒತ್ತಿದ್ದ. ರಾವೆನೆಲ್ ಅವರು ಎತ್ತಿ ನೋಡಿದರು. ಪೆಟ್ಟಿಗೆಯ ಮೇಲೆ 61. ಹಿಂದಿನ ಗಾಜಿನ ಚೌಕಟ್ಟು ಎಳೆದರು — 19. "ಕಲಬೆರಕೆ ಮಾಲು," ಅಂದರು, ತುಂಬಿದ ಸಭೆಯಲ್ಲಿ. "ಎರಡು ಮುರುಕಲು ಸೇರಿಸಿ ಒಂದು ಮಾಡಿದಾನೆ."

ಆನ್ಸೆಲ್ಮ್ ಎದ್ದು ನಿಂತ. "ಸ್ವಾಮಿ, ಚೌಕಟ್ಟು ತಲೆಕೆಳಗೆ ಹಿಡ್ಕೊಂಡಿದೀರ. ತಿರುಗಿಸಿ."

ಅದಕ್ಕೆ ಇವರು — "ರಿಪೇರಿಯವರು ಬಾಗಿಲ ಹತ್ರ ನಿಂತ್ಕೊಳ್ಳಿ."

ತಿರುಗಿಸಿದ್ದರೆ 61. ಇಷ್ಟೇ! ಯಾರೂ ತಿರುಗಿಸಲಿಲ್ಲ, ಯಾರೂ ಕೊಳ್ಳಲೂ ಇಲ್ಲ. ನಾನೂ ತಿರುಗಿಸಲಿಲ್ಲ — ರಾವೆನೆಲ್ ಕಳಿಸುವ ಕೆಲಸ ನನಗೂ ಬೇಕಿತ್ತು. ಆ ನಾಚಿಕೆ ಸಾಯುವ ತನಕ ನನ್ನದು. ಅಂದಿನಿಂದ ಪ್ರತಿ ಜೂನ್ ತಿಂಗಳ ಹಳೆಯ ಕ್ಯಾಮೆರಾ ಸಂತೆಯಲ್ಲಿ ಅವನ ಮೇಜಿನ ಮುಂದೆ ಜನ ನಿಲ್ಲುವುದನ್ನೇ ಬಿಟ್ಟರು. 'ಕಲಬೆರಕೆ ತಿಬೊದೊ' ಎಂಬ ಹೆಸರು ಬಿತ್ತು. ಆ ಹೆಸರು ಹೊತ್ತೇ ಅವನು ಹೋದ.

ತಿಳಿಯದೆ ಆದ ತಪ್ಪಾಗಿದ್ದರೆ ಕ್ಷಮಿಸುತ್ತಿದ್ದೆ. ಆದರೆ — ಮಣ್ಣು ಮಾಡಿದ ಮಾರನೇ ದಿನವೇ ಸೊಲಾಂಜಳಿಗೆ ಈ ರಾವೆನೆಲ್ ಅವರ ಪತ್ರ ಬಂತು. ಇಡೀ ಸಂಗ್ರಹಕ್ಕೆ ಪುಕ್ಕಟೆ ಬೆಲೆ ಕಟ್ಟಿಕೊಡುತ್ತಾರಂತೆ. ನೆನಪಿಗೆ ಒಂದೇ ಒಂದು ವಸ್ತು ಕೊಟ್ಟರೆ ಸಾಕಂತೆ. ಯಾವುದು ಗೊತ್ತೇ? ಅದೇ ಕಲಬೆರಕೆ ಕ್ಯಾಮೆರಾ! ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ.

"ಸಹಿ ಹಾಕ್ಲಾ ಮಾಮ?" ಅಂತ ಇವತ್ತು ಬೆಳಗ್ಗೆ ಈ ಹುಡುಗಿ ಕೇಳಿದಳು. ಬೇಡ ಮಗಳೇ. ಬೇಡ.

ಕೂತ್ಕೊಳ್ಳಿ ರಾವೆನೆಲ್ ಅವರೇ, ಎಲ್ಲಿಗೆ ಹೊರಟಿರಿ? ಇದನ್ನು ಶ್ರದ್ಧಾಂಜಲಿ ಅನ್ನಿ, ಸೇಡು ಅನ್ನಿ — ನನಗೆ ಇವತ್ತು ಎರಡೂ ಒಂದೇ. ಇಲ್ಲಿ, ಅವನ ಫೋಟೋದ ಪಕ್ಕದಲ್ಲಿ ಆ ಕ್ಯಾಮೆರಾ ಇಟ್ಟಿದ್ದೇನೆ. ಬನ್ನಿ. ಚೌಕಟ್ಟು ಎಳೆಯಿರಿ, ಸರಿಯಾಗಿ ಹಿಡಿಯಿರಿ, ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಓದಿ.

ಗೆಳೆಯರೇ, ದಯವಿಟ್ಟು ಎಲ್ಲರೂ ಏಳಿ. ಮೌನ ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ. ಅವರು ಬಾಯಿ ಬಿಟ್ಟು ಓದುವ ತನಕ ನಿಂತಿರೋಣ.