ಸ್ವೀಕರಿಸತಕ್ಕದ್ದಲ್ಲ

ಅಧ್ಯಕ್ಷತೆ ವಹಿಸಿರುವ ಗೌರವಾನ್ವಿತ ನ್ಯಾಯಾಧೀಶರೇ, ವೇದಿಕೆಯ ಮೇಲಿರುವ ವಕೀಲ ಮಹನೀಯರೇ, ನನ್ನೊಂದಿಗೆ ಕಡತಗಳ ಧೂಳು ಕುಡಿದ ಸಹೋದ್ಯೋಗಿಗಳೇ, ಮೂರನೇ ಸಾಲಿನಲ್ಲಿರುವ ನನ್ನ ಅಕ್ಕನೂ ಸೇರಿದಂತೆ ಎಲ್ಲ ಸಭಿಕರೇ,

ಮೂವತ್ತೈದು ವರ್ಷ ಈ ನ್ಯಾಯಾಲಯದ ಬೆರಳಚ್ಚುಗಾರನಾಗಿದ್ದು ಇಂದು ನಿವೃತ್ತನಾಗುತ್ತಿದ್ದೇನೆ. ಪರರ ಮಾತನ್ನು ಬೆರಳಲ್ಲಿ ಆಡಿದವನಿಗೆ ಸ್ವಂತ ಮಾತು ತಡವರಿಸುತ್ತದೆ, ಮನ್ನಿಸಬೇಕು. ನನ್ನಿಂದ ಒಂದು ತಪ್ಪೂ ಆಗಿಲ್ಲವೆಂದು ಈಗಷ್ಟೇ ಹೊಗಳಿದಿರಿ. ಹೊಗಳಿಕೆ ಯಾರಿಗೆ ಬೇಡ? ಹೆಂಡತಿಯಿಂದಂತೂ ಅದು ಸಿಕ್ಕಿಲ್ಲ.

ಆದರೆ ಒಂದು ತಪ್ಪಾಗಿದೆ. ಇಪ್ಪತ್ತು ವರ್ಷದ ಹಿಂದೆ, ಪರವಾನಗಿಯಿಲ್ಲದೆ ಜನರ ಹಣ ಸಂಗ್ರಹಿಸುತ್ತಿದ್ದ ಒಂದು ಫೈನಾನ್ಸ್ ಕಂಪನಿಯನ್ನು ತಡೆಯುವ ಆದೇಶವಾಯಿತು. 'ಇನ್ನು ಮುಂದೆ ಠೇವಣಿ ಸ್ವೀಕರಿಸತಕ್ಕದ್ದಲ್ಲ.' ನಾನು ಹೊಡೆದದ್ದು 'ಸ್ವೀಕರಿಸತಕ್ಕದ್ದು'. ಬಾಲದ 'ಅಲ್ಲ' ಬಿಟ್ಟುಹೋಗಿತ್ತು. "ನೀವು ಟೈಪ್ ಮಾಡಿದ್ದನ್ನ ಓದೋದೇನಿದೆ ಬಿಡ್ರಿ" ಎಂದು ಅಂದಿನ ಸಾಹೇಬರು ಸಹಿ ಹಾಕಿದರು. ಆದೇಶ ಶುಕ್ರವಾರವೇ ಕಂಪನಿಯ ಕೈ ಸೇರಿತು. ಸಂಜೆ ಕಚೇರಿ ಪ್ರತಿ ಓದಿದಾಗ ತಪ್ಪು ಕಣ್ಣಿಗೆ ಬಿತ್ತು. ಸಾಹೇಬರ ಮನೆ ಎರಡು ಬೀದಿ ಆಚೆ. ಹೋದೆನೇ? ಹೋಗಲಿಲ್ಲ. ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು.

ಕಂಪನಿಯವರು ಆ ಹಾಳೆಗೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದರು. ಶನಿವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಕಂಪನಿ ಬಾಗಿಲಲ್ಲಿ ಓದಿದೆ ಕಣೋ, ಠೇವಣಿ ತಗೋಬೇಕು ಅಂತ ಕೋರ್ಟೇ ಹೇಳಿದೆಯಲ್ಲೋ, ನೀನಿರೋ ಕೋರ್ಟು. ಹೊಲಿಗೆ ದುಡ್ಡು ಒಂದಿಷ್ಟಿದೆ. ಕೊಡ್ಲಾ?"

ನಾನೇನೆಂದೆ ಗೊತ್ತೇ? "ಕೋರ್ಟಿನ ವಿಷಯ ಮನೇಲಿ ಮಾತಾಡಬಾರದಕ್ಕ." ಎಷ್ಟು ನಿಯಮಬದ್ಧ ಉತ್ತರ! ತಮ್ಮ ಬೇಡ ಅನ್ನಲಿಲ್ಲವಲ್ಲ ಎಂದು ಅವಳು ಕೊಟ್ಟುಬಂದಳು. ಅವಳಂತೆ ಎಷ್ಟು ಜನ ಕೊಟ್ಟರೋ, ನಾನು ವಿಚಾರಿಸಲೇ ಇಲ್ಲ. ಸೋಮವಾರ ಯಂತ್ರದ ದೋಷವೆಂದು ಬರೆದು ತಿದ್ದುಪಡಿ ಮಾಡಿಸಿದೆ. ಪಾಪದ ಯಂತ್ರ, ಅದು ಎದುರು ಮಾತಾಡುತ್ತದೆಯೇ? ತಿದ್ದಿದ ಆದೇಶ ಹೋಗುವಷ್ಟರಲ್ಲಿ ಕಂಪನಿಯವರು ಹಣದೊಂದಿಗೆ ಪರಾರಿಯಾಗಿ ಬಾಗಿಲಿಗೆ ಬೀಗ ಬಿದ್ದಿತ್ತು. ತಿಂಗಳೊಪ್ಪತ್ತಿನಲ್ಲಿ ನನಗೆ ಹಿರಿಯ ಬೆರಳಚ್ಚುಗಾರನಾಗಿ ಬಡ್ತಿ ಬಂತು. ಅಕ್ಕನೇ ಎಲ್ಲರಿಗೂ ಸಿಹಿ ಹಂಚಿದಳು.

ಅವಳು ಇಂದಿಗೂ ಹೊಲಿಯುತ್ತಾಳೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಕೋರ್ಟನ್ನು ಒಮ್ಮೆಯೂ ಬೈದವಳಲ್ಲ, ತನಗೇ ಓದಲು ಬರಲಿಲ್ಲವೆಂದು ನಂಬಿದ್ದಾಳೆ.

ಅಕ್ಕ, ನಿನಗೆ ಓದಲು ಚೆನ್ನಾಗಿ ಬರುತ್ತದೆ. ಅಲ್ಲಿದ್ದದ್ದನ್ನೇ ನೀನು ಓದಿದೆ. ಅಂದು ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಈಗ ಹೇಳುತ್ತೇನೆ. ಕೊಡಬೇಡ ಕಣಕ್ಕ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞ. ನಮಸ್ಕಾರ.