ಏಳನೇ ಗುಂಡು

...ಯಾಕ ನಗತೀರಿ ಕಲ್ಲಿನಾಥ ಕಾಕಾ? ನಗಬ್ಯಾಡ್ರಿ! ಮೊದಲ ಗಾಡಿ ಪೂರಾ ನೋಡ್ರಿ, ಆಮ್ಯಾಲ ನಗ್ರಿ. ಯುದ್ಧಕ್ಕ ಹೋಗಿ ಬಂದ ಗಾಡಿ ಇದು. ಎಪ್ಪತ್ತೊಂದರ ಯುದ್ಧ... ನೀವು ಹೋಗಿದ್ರಲ್ಲ, ಅದ! ಹಾಂ, ಈಗ ನಿಂತಿತು ನೋಡ್ರಿ ನಗು.

ಕೂಡ್ರಿ, ಕೂಡ್ರಿ. ಆ ಡಬ್ಬಿ ಮ್ಯಾಲ ಬ್ಯಾಡ, ಗ್ರೀಸ್ ಅದ. ಈ ಟಾಯರ್ ಮ್ಯಾಲ ಕೂಡ್ರಿ. ಬಸವಕಲ್ಯಾಣದ ಆಟೋನಗರಕ್ಕ ಇಷ್ಟು ಬೆಳ್ಳಗಿನ ಧೋತ್ರ ಉಟ್ಟು ಯಾರ ಬರ್ತಾರ್ರಿ? ಹುಲಸೂರದಿಂದ ಬಸ್ಸಿಗೆ ಬಂದ್ರೇನು? ನಿಂತು? ಏನ್ ಮಂದಿ ಕಾಕಾ ಇವರು! ಕಾರ್ಗಿಲ್ ಮುಗದು ಇನ್ನ ತಿಂಗಳಾಗಿಲ್ಲ, ಪಾನಡಬ್ಬಿಗೂ ಝಂಡಾ ಹಚ್ಯಾರ, ಸೈಕಲ್ಲಿಗೂ ಝಂಡಾ ಹಚ್ಯಾರ... ಫೌಜಿ ಮನಶಾಗ ಬಸ್ಸಿನ್ಯಾಗ ಸೀಟ್ ಮಾತ್ರ ಬಿಡಂಗಿಲ್ಲ.

ವಿಷಯ ಇಷ್ಟ ನೋಡ್ರಿ. ರವಿವಾರ ಆಗಸ್ಟ್ ಹದಿನೈದು. ಹುಮನಾಬಾದದಾಗ ದೊಡ್ಡ ಮೆರವಣಿಗಿ. ಮುಂದ ನನ್ನ ಈ ಮಿಲಿಟರಿ ಲಾರಿ, ಲಾರಿ ಮ್ಯಾಲ ನೀವು, ಕೊಳ್ಳಾಗ ಹಾರ. ಆದ್ರ ಮೆರವಣಿಗಿ ಮಾಡಸಾವ್ರು ಯಾರು? ಗುರುಲಿಂಗ ಸಾವಕಾರ್ರು. ತೊಗರಿ ಕೊಳ್ಳೂಮುಂದ ಒಂದೊಂದ ಕಾಳು ಹಲ್ಲಿಲೆ ಕಡದು ನೋಡೋ ಮನಶಾ. 'ವೈಜನಾಥ, ಇದು ಖರೇನ ಯುದ್ಧಕ್ಕ ಹೋಗಿತ್ತೇನಪಾ? ಆ ಹುಲಸೂರ ಫೌಜಿ ಬಾಯಿಲೆ ಹೇಳಸು, ಆಮ್ಯಾಲ ನೋಡೂಣು' ಅಂದ್ರು. ಈಗ ಜೀಪ್ ತಗೊಂಡು ಇಲ್ಲಿಗೇ ಬರಾಕತ್ತಾರ. ನೀವು ಹೂಂ ಅಂದ್ರ ಮುಗೀತು. ಉಹೂಂ ಅಂದ್ರ... ಸೋಮವಾರ ಗ್ಯಾಸ್ ಕಟರ್ ಹಚ್ಚಿ ಗುಜರಿಗೆ ಹಾಕ್ತೇನಿ. ಇನ್ನೇನ್ ಮಾಡ್ಲಿ? ಎರಡು ವರ್ಷ ಆತು ಮಿಲಿಟರಿಯವರ ಲಿಲಾವಿನ್ಯಾಗ ಸವಾಲು ಕೂಗಿ ತಂದು. ಎಣ್ಣಿ ಕುಡೀತದ, ಹೊಗಿ ಬಿಡ್ತದ. ನಮ್ಮ ಮಾವನಂಗ.

ಏಳಬ್ಯಾಡ್ರಿ, ಚಾ ಬರ್ತದ... ಹೋಗ್ಲಿ, ನೋಡ್ರಿ, ನೋಡ್ರಿ. ಇಲ್ಲಿ, ಈ ತಗಡಿನ ಪತ್ರಾದ ಮ್ಯಾಲ. ಗುಂಡಿನ ತೂತು! ಬೆರಳು ಹಾಕಿ ನೋಡ್ರಿ. ಹಾಂ... ಯಾಕ? ಮತ್ತ ಯಾಕ ನಗಾಕತ್ತೀರಿ? ನುಣ್ಣಗವ? ಇರ್ತಾವ್ರಿ, ಎಷ್ಟು ವರ್ಷಾತು, ಮಳಿ ಗಾಳಿ... ಏನು, ಒಂದ ಸಾಲಿನ್ಯಾಗ ಅವ? ಗೇಣಿಗೊಂದು? ಏ, ದುಷ್ಮನ್ ಭಾಳ ಶಿಸ್ತಿನವ ಇದ್ನೋ ಏನೋ! ನಿಂತು, ಅಳತಿ ಹಿಡದು...

ಆತು ಬಿಡ್ರಿ. ನಿಮ್ಮ ಮುಂದ ಏನ್ ಮುಚ್ಚಲಿ. ನಾನ ಹೊಡದೆ. ಡ್ರಿಲ್ಲಿಲೆ. ಇಪ್ಪತ್ತು ವರ್ಷ ಲಾರಿ ಬಾಡಿ ಕಟ್ಟಿದ ಕೈ ಕಾಕಾ ಇದು, ಸುಣ್ಣದ ಗೆರಿ ಎಳೀಲಾರದ ತೂತು ಹೊಡ್ಯಾಕ ಬರಂಗಿಲ್ಲ. ಹೊಡದ ಮ್ಯಾಲ ಯಾರ ಕೈ ಹರೀಬಾರದು ಅಂತ ಕಾನಸಿಲೆ ಅಂಚು ತಿಕ್ಕಿ ನುಣ್ಣಗೂ ಮಾಡೇನಿ! ಗುಂಡಿನ ತೂತಿಗೆ ಕಾನಸು! ಮರುದಿನ ಮುಂಜಾನೆ ನೋಡಿ ನನ್ನ ಹಣಿ ನಾನ ಬಡಕೊಂಡೆ. ನಗ್ರಿ, ನಗ್ರಿ, ಹೊಟ್ಟಿ ತುಂಬ ನಗ್ರಿ. ಸಾವಕಾರ್ರಿಗೇನ್ ಗೊತ್ತಾಗ್ತದ? ಅವರು ಗುಂಡು ಯಾವಾಗ ನೋಡ್ಯಾರ?

ಎಣಸಾಕತ್ತೀರಾ... ಎಣಸ್ರಿ. ಒಂದು, ಎರಡು... ಹೌದು, ಆರು.

ಏಳನೇದಾ?

ನೆನಪದ ಕಾಕಾ. ನೆನಪಿಲ್ಲೇನು! ನಾ ಆಗ ಸಾಲಿನ್ಯಾಗ ನಾಕನೇತ್ತೆ. ನೀವು ರಜಾದ ಮ್ಯಾಲ ಬಂದಿದ್ರಿ, ಹುಲಸೂರ ಸಾಲಿ ಕಟ್ಟಿ ಮ್ಯಾಲ ಯುನಿಫಾರ್ಮ್ ಹಾಕ್ಕೊಂಡು ನಿಂತಿದ್ರಿ. 'ನನ್ನ ಗಾಡಿಗೆ ಏಳು ಗುಂಡು ಬಿದ್ವು. ಆರು ಪತ್ರಾಕ್ಕ, ಏಳನೇದು ಸೀಟಿನ ಬುಡಕ್ಕ. ಒಂದು ಬೆರಳು ಮ್ಯಾಲ ಬಂದಿದ್ರ ನಾ ಇವತ್ತು ಇಲ್ಲಿ ಇರ್ತಿದ್ದಿಲ್ಲ.' ಮಾಸ್ತರ ಚಪ್ಪಾಳಿ ಹೊಡೀರಿ ಅಂದ ಮ್ಯಾಲ ನಾವು ಚಪ್ಪಾಳಿ ಹೊಡಿಯೋರು, ಅವತ್ತು ಅವರು ಹೇಳೂಕಿಂತ ಮೊದಲ ಹೊಡದ್ವಿ! ಅಲ್ಲಿಂದ ಪ್ರತಿ ವರ್ಷ ಝಂಡಾ ಏರಸೂದು ನೀವ, ಏಳು ಗುಂಡೂ ಬೀಳೂವ. ಒಂದ ವರ್ಷನೂ ಎಂಟು ಆಗಲಿಲ್ಲ, ಆರು ಆಗಲಿಲ್ಲ. ಅದಕ್ಕ ನಾನೂ ಏಳು ಹೊಡಿಯಾಂವ ಇದ್ದೆ... ಡ್ರಿಲ್ಲಿನ ಬಿಟ್ ಮುರೀತು. ಹೌದ್ರಿ, ಬಿಟ್ ಮುರೀತು. ಅಷ್ಟ.

ಎಲ್ಲಿಗೆ? ಮ್ಯಾಲ ಯಾಕ ಹತ್ತತೀರಿ? ಮೊಣಕಾಲು ಬ್ಯಾನಿ ಅದ ನಿಮಗ... ಕಾಕಾ, ಸೀಟ್ ಮುಟ್ಟಬ್ಯಾಡ್ರಿ! ಒಳಗ ಕಣಜ ಗೂಡು ಕಟ್ಯಾವ. ಖರೇನ್ರಿ, ಮೊನ್ನೆ ನನಗ ಕಡದಾವ, ಇಲ್ಲಿ ನೋಡ್ರಿ... ಎತ್ತಬ್ಯಾಡ್ರಿ ಅಂದ್ರ ಎತ್ತೇ ಬಿಟ್ರಲ್ಲ.

ಕಾಕಾ.

ಆ ಪತ್ರಾದ ಮ್ಯಾಲ ಬೆರಳು ಆಡಸಾಕತ್ತೀರೇನು ಕಾಕಾ?

...ನಿಮ್ಮ ಅಕ್ಷರನ ಅಲ್ಲ? ಸೀಟಿನ ಬುಡಕ್ಕ ಸ್ಕ್ರೂಡ್ರೈವರಿಲೆ ಗೀಚೀರಿ. 'ಡಿಸೆಂಬರ್ ಹತ್ತು, ಎಪ್ಪತ್ತೊಂದು. ಸಿಕಂದರಾಬಾದ. ಇವತ್ತೂ ಬಟಾಟಿ. ಕಲ್ಲಿನಾಥ, ಹುಲಸೂರ.' ನನಗ ಬಾಯಿಪಾಠ ಆಗ್ಯದ.

ಎರಡು ವರ್ಷದಿಂದ ಗೊತ್ತದರಿ. ಗಾಡಿ ತಂದ ದಿನನ ಸೀಟ್ ಬಿಚ್ಚಿದ್ದೆ. ಮೊದಲ ನಗು ಬಂತು. ಅಲ್ಲಿ ಗಡಿ ಮ್ಯಾಲ ಧಡಧಡ ಗುಂಡು ಹಾರಾಕತ್ತಾವ, ನಮ್ಮ ಹುಲಸೂರ ಹುಲಿ ಸಿಕಂದರಾಬಾದ ಡಿಪೋದಾಗ ಬಟಾಟಿ ಹೊರಾಕತ್ತದ! ಒಬ್ಬಾವನ ಕೂತು ನಕ್ಕೆ. ಆಮ್ಯಾಲ ಸಿಟ್ಟು ಬಂತು. ಬರಬಾರದೇನ್ರಿ? ನಿಮ್ಮ ಮಾತು ಕೇಳಿ ಸಾಲಿ ಬಿಟ್ಟು ಲಾರಿ ಹಿಂದ ಬಿದ್ದಾಂವ ನಾ! ಅಪ್ಪ ಬೆಲ್ಟಿಲೆ ಹೊಡದಾಗೂ 'ಕಲ್ಲಿನಾಥ ಕಾಕಾನಂಗ ಡ್ರೈವರ್ ಆಗ್ತೇನಿ' ಅಂತ ಒದರೇನಿ. ಹುಲಸೂರಕ್ಕ ಬಂದು ನಿಮ್ಮ ಮನಿ ಮುಂದ ನಿಂತು ಕೇಳಬೇಕಂದೆ. ಬಂದಿದ್ದೆ ಕೂಡ. ನೀವು ಅಂಗಳದಾಗ ಕೂತು ಮೊಮ್ಮಗಳಿಗೆ ಅದ ಏಳು ಗುಂಡು ಹೇಳಾಕತ್ತಿದ್ರಿ. ಆಕಿ ಬಾಯಿ ತಕ್ಕೊಂಡು ಕೇಳಾಕತ್ತಿದ್ಲು. ಹಂಗ ತಿರಗಿ ಬಂದೆ.

ಯಾರ ಮುಂದನೂ ಅಂದಿಲ್ಲ ಕಾಕಾ. ನನ್ನ ಹೇಣತಿ ಪಾರ್ವತಿಬಾಯಿ ಮುಂದನೂ. ಆಕಿ ಮುಂದ ಅಂದ್ರ ಚಿಟಗುಪ್ಪ ತನಕ ಮುಟ್ಟತದ.

ಹೋದ ವಾರ ಹೋಟೆಲಿನ್ಯಾಗ ಹತ್ತು ಮಂದಿ ಎದುರಿಗೆ ಸಾವಕಾರ್ರು ಅಂದ್ರು: 'ಆ ಮುದುಕ ಎಲ್ಲಿ ಯುದ್ಧಕ್ಕ ಹೋಗ್ಯಾನ, ಬರೇ ಬುರುಡಿ ಬಿಡ್ತಾನ.' ಖರೇ ಮಾತು ಅಂತ ನನಗೂ ಗೊತ್ತಿತ್ತು. ಆದ್ರ ತಲಿ ಕೆಟ್ಟಿತು ಕಾಕಾ. ನಿಮಗ ಬೈಯೋದಿದ್ರ ನಾ ಬೈಬೇಕು, ಅವರ್ಯಾರು? 'ಅವರ ಗಾಡಿ ನನ್ನ ಹತ್ರನ ಅದ, ಗುಂಡಿನ ತೂತು ಅವ, ಬಂದು ನೋಡ್ರಿ' ಅಂತ ಒದರಿಬಿಟ್ಟೆ. ಒದರಿದ ಮ್ಯಾಲ ತೂತು ಹೊಡೀಬೇಕಲ್ಲ!

ಜೀಪ್ ಸಪ್ಪಳ... ಬಂದ್ರು ನೋಡ್ರಿ. ಇಳೀರಿ ಕಾಕಾ, ಸೀಟ್ ಮುಚ್ಚತೇನಿ. ಏನು? ಡ್ರಿಲ್ ಯಾಕ ನನ್ನ ಕೈಯಾಗ ಕೊಡಾಕತ್ತೀರಿ? ಇಲ್ಲಿ? ಹೆಸರಿನ ಮ್ಯಾಲ?

ಆಗಂಗಿಲ್ರಿ.

ಬಿಟ್ ಮುರದಿಲ್ಲ ಕಾಕಾ. ನೋಡ್ರಿ, ಸಾಬೂತ್ ಅದ, ಚೂರೂ ಮುಕ್ಕಾಗಿಲ್ಲ. ಆರು ಹೊಡದು ಏಳನೇದಕ್ಕ ಇಲ್ಲಿ ಹಚ್ಚಿದ್ದೆ. ನಿಮ್ಮ ಹೆಸರ ಮ್ಯಾಲ ಕೈ ಏಳಲಿಲ್ಲ.

ಅಯ್ಯ... ಧೋತ್ರದ ಚುಂಗಿಲೆ ಯಾಕ ಒರಸತೀರಿ? ಬೆಳ್ಳಗಿನ ಧೋತ್ರ, ಎಣ್ಣಿ ಹತ್ತತದ! ಬಿಡ್ರಿ, ನಾ ಒರಸತೇನಿ... ಬ್ಯಾಡ? ನೀವ ಒರಸತೀರಾ? ಅಕ್ಷರ ಛಂದ ಕಾಣಲಿ ಅಂತನಾ?

ಕಾಕಾ, ಖರೇನ? ವಿಚಾರ ಮಾಡ್ರಿ. ಆ ಮನಶಾ ಇದನ್ನ ಓದಿದ್ರ ಸಂಜೀತನಕ ಊರಿಗೆಲ್ಲ...

ಆತು. ಆತ್ರಿ. ಮುಚ್ಚಂಗಿಲ್ಲ.

ಬರ್ರಿ ಸಾವಕಾರ್ರ, ಬರ್ರಿ! ಅಲ್ಲಿ ತೂತಿನ ಮುಂದ ನಿಂದರಬ್ಯಾಡ್ರಿ, ಅವು ನಾ ಹೊಡದದ್ದು. ಮ್ಯಾಲ ಹತ್ರಿ, ಕಾಕಾನ ಬಾಜೂಕ ಕೂಡ್ರಿ. ಚಷ್ಮಾ ತಂದೀರಿಲ್ಲೊ?